ಒಳಮನೆಯ ಪೈನ್ ಸಸಿಯನ್ನು ಬಯಲಿಗೆ ತರುವ ವಿಚಾರ

ಹೋದ ವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ವಾಸವಾಗಿರುವ ನನ್ನ ಮಿತ್ರರೊಬ್ಬರು ಒಂದು ಪೈನ್ ಸಸಿಯ ವಿಷಯವಾಗಿ ನನ್ನ ಅಭಿಪ್ರಾಯವನ್ನು ಕೇಳಿದರು. ಅವರು ಅದಕ್ಕೆ ಹಿಂದಿನ ವರ್ಷ ಅಲ್ಮೋರದ ಕಡೆಗೆ ಯಾತ್ರೆ ಹೋಗಿದ್ದಾಗ, ದಾರಿಯ ಮಗ್ಗುಲಲ್ಲಿ ಬಿದ್ದಿದ್ದ ಚೀರ್ ಪೈನ್ ಮರದ ಕಾಯಿಗಳನ್ನು ಕೌತುಕದಿಂದ ಆರಿಸಿಕೊಂಡು ಬಂದಿದ್ದರು. ಆ ಕಾಯಿಗಳ ಸಂದುಗಳಲ್ಲಿ ಉಳಿದಿದ್ದ ರೆಕ್ಕೆಬೀಜಗಳನ್ನು ಡಿಸೆಂಬರಿನಲ್ಲಿ ಒಂದು ಸಣ್ಣ ಕುಂಡದಲ್ಲಿ ಬಿತ್ತಿ, ನಡುಮನೆಯ ಕಿಟಕಿಯ ಮೇಲಿಟ್ಟರು. ಮೂರು ಸಸಿಗಳು ಮೊಳೆತುವು. ಮೊದಲನೆಯದು ಹದಿನೈದು ದಿನಗಳಲ್ಲಿಯೇ ಬುಡ ಕೊಳೆತು ಮಲಗಿತು. ಎರಡನೆಯದು ಮಾರ್ಚಿಯಲ್ಲಿ ಒಣಗಿತು. ಮೂರನೆಯದು ನಾನು ನೋಡಿದಾಗ ಐದು ಅಂಗುಲ ಉದ್ದವಾಗಿ, ದಾರದಷ್ಟು ಸಣ್ಣಗಿನ ಕಾಂಡದೊಡನೆ ಕಿಟಕಿಯ ಗಾಜಿನ ಕಡೆಗೆ ವಾಲಿಕೊಂಡು, ಒಂದು ಹಂಚಿಕಡ್ಡಿಯ ಆಸರೆಯಿಂದ ನಿಂತಿದ್ದಿತು. ಬುಡದ ಎಲೆಗಳು ಹಳದಿಗೆ ತಿರುಗಿದ್ದುವು.

"ರಾಯರೇ, ಇದನ್ನು ಈಗ ಹೊರಗಿಡಬಹುದೋ, ಅಥವಾ ಸ್ವಲ್ಪ ಬಲಿತ ಮೇಲೆ ಇಡಬೇಕೋ?" ಎಂಬುದು ಮಿತ್ರರ ಪ್ರಶ್ನೆ. ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವರ ತಾಯಿಯವರು, "ಅಲ್ಲವೋ, ಅದು ಇನ್ನೂ ಎಳೆಗೂಸು. ಈ ಉರಿಬಿಸಿಲಿಗೆ ಎತ್ತಿಟ್ಟು ಸಾಯಿಸುತ್ತೀಯಾ?" ಎಂದು ತಡೆದರು. ಮಗ ಹೇಳಿದ್ದು ಅರ್ಧ ಸರಿ, ತಾಯಿ ಹೇಳಿದ್ದೂ ಅರ್ಧ ಸರಿ ಎಂದು ನಾನು ಉತ್ತರ ಕೊಟ್ಟೆನು. ಆ ಉತ್ತರದಿಂದ ಇಬ್ಬರಿಗೂ ತೃಪ್ತಿಯಾಗಲಿಲ್ಲ. ಆದಕಾರಣ ಈ ವಿಚಾರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿ ಬಂದಿರುವುದು. ಒಂದು ಕುಂಡದ ಸಸಿಗೆ ಇಷ್ಟು ಕಾಗದವೇಕೆ ಎಂದು ಕೇಳುವ ರೈತ ಬಂಧುಗಳು ಕಡೆಯವರೆಗೂ ಓದಬೇಕೆಂದು ಪ್ರಾರ್ಥಿಸುತ್ತೇನೆ. ಈ ಮಾತು ಅವರ ತೋಟದ ಅಂಚಿಗೂ ಬಂದು ಮುಟ್ಟುವುದು.

"ಬಲಿತ ಮೇಲೆ ಹೊರಗಿಡುವುದು" ಎಂಬ ಮಾತಿನಲ್ಲಿಯೇ ದೋಷವಿರುವುದು. ಕಿಟಕಿಯೊಳಗೆ ಆ ಸಸಿಯು ಎಂದಿಗೂ ಬಲಿಯತಕ್ಕದ್ದಲ್ಲ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ಮೋಡವಿಲ್ಲದ ನಡುಹಗಲಿನಲ್ಲಿ ಬಯಲಿನ ಮೇಲೆ ಬೀಳುವ ಬಿಸಿಲು ಸುಮಾರು 1,00,000 ಲಕ್ಸ್ ಆಗುವುದು. ಮೋಡ ಕವಿದ ಹಗಲಿನಲ್ಲಿಯೂ ಬಯಲಿನಲ್ಲಿ 10,000 ಲಕ್ಸಿನ ಆಸುಪಾಸಿನಲ್ಲಿ ಬೆಳಕಿರುವುದು. ಆದರೆ ಕಿಟಕಿಯಿಂದ ನಾಲ್ಕಾರು ಅಡಿ ಒಳಕ್ಕೆ ಸರಿದರೆ, ನಮಗೆ ಬಹಳ ಬೆಳಕೆಂದು ತೋರುವ ಕೋಣೆಯಲ್ಲಿಯೂ ಹಲವು ನೂರು ಲಕ್ಸ್ ಮಾತ್ರ ಸಿಕ್ಕುವುದು. ನಮ್ಮ ಕಣ್ಣಿನ ಪಾಪೆಯು ಕತ್ತಲೆಗೂ ಬೆಳಕಿಗೂ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಈ ಅಗಾಧವಾದ ವ್ಯತ್ಯಾಸವು ನಮಗೆ ತಿಳಿಯುವುದಿಲ್ಲ. ಸಸಿಗಾದರೋ ಇಂತಹ ಕಣ್ಣಿಲ್ಲ. ಅದಕ್ಕೆ ಬೆಳಕೇ ಆಹಾರ. ಚೀರ್ ಪೈನಂತೂ ಹಿಮಾಲಯದ ತೆರೆದ ಇಳಿಜಾರುಗಳಲ್ಲಿ, ಸುಮಾರು 500 ಮೀಟರಿನಿಂದ 2,000 ಮೀಟರಿಗೂ ಮೇಲಿನವರೆಗೆ, ನೆತ್ತಿಯ ಮೇಲೆ ಬಿಸಿಲು ಹೊತ್ತು ಬೆಳೆಯತಕ್ಕ ಜಾತಿ. ದಟ್ಟವಾದ ನೆರಳಿನಲ್ಲಿ ಅದರ ಮರಿಗಳು ತನ್ನ ಸ್ವಂತ ಕಾಡಿನಲ್ಲಿಯೂ ಏಳುವುದಿಲ್ಲ.

ಬೆಳಕು ಸಾಲದ ಸಸಿಯು ತನ್ನಲ್ಲಿರುವ ಅಲ್ಪಸ್ವಲ್ಪ ಸತ್ತ್ವವನ್ನೆಲ್ಲ ಉದ್ದವಾಗುವುದಕ್ಕೆ ವೆಚ್ಚಮಾಡುವುದು. ಮೇಲೆ ಎಲ್ಲಿಯೋ ಬೆಳಕು ಇದ್ದೀತೆಂದು ಅದು ಹಿಗ್ಗಿ ಹಿಗ್ಗಿ ನೋಡುವುದು. ಈ ಉದ್ದವನ್ನು ಕಂಡು ಮನೆಯವರು "ಎಷ್ಟು ಚೆನ್ನಾಗಿ ಬೆಳೆಯುತ್ತಿದೆ!" ಎಂದು ಸಂತೋಷಪಡುವರು. ಅದು ಬೆಳವಣಿಗೆಯಲ್ಲ, ಹಸಿವು. ಇದರ ಮೇಲೆ ಗಾಳಿಯ ಕೊರತೆಯೊಂದು. ಗಾಳಿಗೆ ಅಲ್ಲಾಡಿದ ಕಾಂಡವೇ ದಪ್ಪವಾಗಿ ಗಟ್ಟಿಯಾಗತಕ್ಕದ್ದು. ಅಮೆರಿಕದ ಜಾಫೆ ಎಂಬ ಸಸ್ಯಶಾಸ್ತ್ರಜ್ಞನು ಎಳೆಯ ಗಿಡಗಳ ಕಾಂಡವನ್ನು ದಿನವೂ ಕೈಯಿಂದ ಮೆಲ್ಲಗೆ ಸವರಿ, ಹಾಗೆ ಸವರಿದವು ಸವರದೆ ಬಿಟ್ಟವುಗಳಿಗಿಂತ ಗಿಡ್ಡವಾಗಿ ದೃಢವಾಗಿ ಬೆಳೆಯುವುವೆಂದು 1973ರಲ್ಲಿ ಪ್ರಕಟಿಸಿದನು. ಕಿಟಕಿಯ ಒಳಗಿನ ಸಸಿಗೆ ಇಂತಹ ಅಲುಗಾಟವಿಲ್ಲ. ಕಡ್ಡಿಯೊಂದನ್ನು ಕಟ್ಟಿಬಿಟ್ಟರಂತೂ ನಿಲ್ಲುವ ಕೆಲಸವನ್ನು ಕಡ್ಡಿಯೇ ಮಾಡುವುದು, ಸಸಿಯು ಮಾಡುವುದಿಲ್ಲ.

ನೀರಿನ ವಿಷಯವು ಇವೆಲ್ಲಕ್ಕಿಂತ ಕೇಡಿನದು. ಬಿಸಿಲೂ ಗಾಳಿಯೂ ಇಲ್ಲದ ಕಡೆ ಕುಂಡದ ಮಣ್ಣು ಆರುವುದಿಲ್ಲ. ಮನೆಯವರೋ ದಿನವೂ ಬೆಳಿಗ್ಗೆ ದೇವರ ಪೂಜೆಯಂತೆ ತಪ್ಪದೆ ನೀರೆರೆಯುವರು. ತೇವವು ಹಿಡಿದು ನಿಂತ ಮಣ್ಣಿನಲ್ಲಿ ಪಿತಿಯಮ್ ಮೊದಲಾದ ಬೂಷ್ಟುಗಳು ಹೆಚ್ಚಿ, ಎಳೆಯ ಬುಡವನ್ನು ಮಣ್ಣಿನ ಮಟ್ಟದಲ್ಲಿಯೇ ಕೊಳೆಯಿಸುವುವು. ಹೊಗೆಸೊಪ್ಪಿನ ಮತ್ತು ಟೊಮ್ಯಾಟೊ ಒಟ್ಟಲು ಹಾಕಿದ ರೈತರೆಲ್ಲರೂ ಬಲ್ಲ ಸಸಿಕೊಳೆ ರೋಗವೇ ಇದು. ನನ್ನ ಮಿತ್ರರ ಮೊದಲನೆಯ ಸಸಿಯು ಸತ್ತದ್ದು ಹೀಗೆಯೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ನಾಳೆಯೇ ಅಂಗಳಕ್ಕೆ ಎತ್ತಿಡೋಣವೆಂದು ಯಾರಾದರೂ ಹೊರಟರೆ, ಅವರ ದಾರಿಗೆ ನಾನು ಅಡ್ಡ ನಿಲ್ಲಬೇಕಾಗುವುದು. ಏಕೆಂದರೆ ನಾನೇ ಒಮ್ಮೆ ಆ ಕೆಲಸವನ್ನು ಮಾಡಿ ಕೈ ಸುಟ್ಟುಕೊಂಡವನು. ಬಹಳ ವರ್ಷಗಳ ಹಿಂದೆ ಇಂತಹುದೇ ಒಂದು ಸಸಿಯನ್ನು, ಬೆಳಕು ಬೇಕೆಂಬ ತತ್ತ್ವವನ್ನು ಮಾತ್ರ ನೆಚ್ಚಿ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನೇರವಾಗಿ ಮಾಳಿಗೆಯ ಮೇಲಕ್ಕೆ ಒಯ್ದಿಟ್ಟೆನು. ಎರಡನೆಯ ದಿನ ಸಂಜೆಗೆ ಬಿಸಿಲಿನ ಕಡೆಗಿದ್ದ ಎಲೆಗಳು ಬೂದಿ ಬಳಿದಂತೆ ಬಿಳಿಚಿದುವು. ನಾಲ್ಕನೆಯ ದಿನ ಇಡೀ ಸಸಿಯು ಒಣಹುಲ್ಲಿನ ಬಣ್ಣಕ್ಕೆ ಬಂದಿತು. ಆಗ ನಾನು ಸಸಿಯದೇ ತಪ್ಪೆಂದು, ಬೆಟ್ಟದ ಗಿಡ ಬಯಲುಸೀಮೆಗೆ ಒಗ್ಗದೆಂದು ಸಮಾಧಾನ ಹೇಳಿಕೊಂಡೆನು. ಒಗ್ಗುವುದಕ್ಕೆ ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ.

ನೆರಳಿನಲ್ಲಿ ಹುಟ್ಟಿದ ಎಲೆಯು ನೆರಳಿಗಾಗಿಯೇ ಕಟ್ಟಲ್ಪಟ್ಟಿರುವುದು. ಅದರ ಮೇಲಣ ಮೇಣದ ಪೊರೆಯು ತೆಳುವಾಗಿರುವುದರಿಂದ ಹೊರಗಿನ ಒಣಗಾಳಿಯು ಅದರ ನೀರನ್ನು ಬಹುಬೇಗ ಹೀರಿಬಿಡುವುದು. ಬೇರುಗಳೋ ಸಣ್ಣವು. ಹೋದಷ್ಟು ನೀರನ್ನು ಅವು ಏರಿಸಲಾರವು. ಇದಲ್ಲದೆ, ಹೆಚ್ಚಾದ ಬೆಳಕನ್ನು ಹಾನಿಯಾಗದಂತೆ ಕಳೆದುಬಿಡುವ ಹಳದಿಯ ವರ್ಣದ್ರವ್ಯಗಳು ಬಿಸಿಲು ಕಂಡ ಎಲೆಯಲ್ಲಿ ಧಾರಾಳವಾಗಿಯೂ, ಕೋಣೆಯ ಎಲೆಯಲ್ಲಿ ಅತ್ಯಲ್ಪವಾಗಿಯೂ ಇರುವುವು. ಅವು ಕೂಡಿಬರುವುದಕ್ಕೆ ಕೆಲವು ದಿನಗಳ ಕಾಲ ಬೇಕು. ಆ ದಿನಗಳನ್ನು ಕೊಡದೆ ಬಿಸಿಲಿಗೆ ಒಡ್ಡಿದರೆ ಎಲೆಯ ಹಸುರೇ ಉರಿದುಹೋಗುವುದು. ಆದಕಾರಣ ತಾಯಿಯವರು ಹೇಳಿದ್ದು ಅರ್ಧ ಸರಿಯೆಂದು ನಾನು ಒಪ್ಪಿಕೊಂಡದ್ದು.

ಇನ್ನು ಹೊರಕ್ಕೆ ತರತಕ್ಕ ಕ್ರಮ. ಶೀತದೇಶದ ಪುಸ್ತಕಗಳಲ್ಲಿ, ಹಿಮ ಬೀಳುವ ಕಾಲವು ಕಳೆಯುವವರೆಗೆ ಕಾಯಬೇಕೆಂದು ಬರೆದಿರುವುದನ್ನು ನಮ್ಮವರು ಓದಿ, ಚಳಿ ಮುಗಿದ ಕೂಡಲೇ ಮಾರ್ಚಿಯಲ್ಲಿ ಸಸಿಗಳನ್ನು ಹೊರಗಿಡುವರು. ಬೆಂಗಳೂರಿನಲ್ಲಿ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಅಲ್ಲಿ ಚಳಿ ಮುಗಿಯುವುದನ್ನು ಕಾಯುವರು, ಇಲ್ಲಿ ನಾವು ಕಾಯಬೇಕಾದದ್ದು ಬೇಸಗೆ ಮುಗಿಯುವುದನ್ನು. ಜೂನ್ ಮೊದಲ ಎರಡು ವಾರಗಳಲ್ಲಿ ಮುಂಗಾರಿನ ಮೋಡವು ಕವಿದು, ಗಾಳಿಯಲ್ಲಿ ತೇವವು ತುಂಬಿದಾಗ, ಆಕಾಶವೇ ಒಂದು ಚಪ್ಪರವಾಗುವುದು. ಆಗ ಸಸಿಯನ್ನು ಮೊದಲು ಮನೆಯ ಉತ್ತರದ ಗೋಡೆಯ ಮಗ್ಗುಲಿಗಾಗಲಿ, ಹೊಂಗೆಯ ಮರದ ಅಡಿಗಾಗಲಿ ತಂದಿಟ್ಟು, ಐದಾರು ದಿನ ಅಲ್ಲಿಂದ ಕದಲಿಸದೆ ಬಿಡಬೇಕು. ಉತ್ತರದ ಗೋಡೆಗೂ ಜೂನಿನಲ್ಲಿ ಬೆಳಿಗ್ಗೆ ಸಂಜೆ ಓರೆಬಿಸಿಲು ತಾಗುವುದುಂಟು, ಅದರಿಂದ ಕೆಡುಕಿಲ್ಲ. ಸೂರಿನ ನೀರು ಧಾರೆಯಾಗಿ ಬೀಳುವ ಜಾಗವನ್ನು ಮಾತ್ರ ಬಿಡತಕ್ಕದ್ದು. ಆ ಪೆಟ್ಟಿಗೆ ಐದು ಅಂಗುಲದ ಸಸಿಯು ನಿಲ್ಲದು.

ಅನಂತರ ಬೆಳಗಿನ ಎಳೆಬಿಸಿಲಿನಲ್ಲಿ ಒಂದು ಗಂಟೆ ಇಟ್ಟು ಮತ್ತೆ ನೆರಳಿಗೆ ಒಯ್ಯುವುದು. ಎರಡು ಮೂರು ದಿನಗಳಿಗೊಮ್ಮೆ ಒಂದೊಂದು ಗಂಟೆ ಏರಿಸುವುದು. ಮೂರು ವಾರಗಳಾಗುವ ಹೊತ್ತಿಗೆ ಅದು ಬೆಳಗಿನ ಬಿಸಿಲನ್ನೆಲ್ಲ ತಡೆಯುವಂತಾಗುವುದು. ಪಡುವಣ ಬಿಸಿಲನ್ನು ಕಡೆಯಲ್ಲಿ ಕೊಡಬೇಕು. ಮಧ್ಯೆ ಒಂದು ವಾರ ಮಳೆ ಹಿಡಿದು ಸೂರ್ಯನೇ ಕಾಣಿಸದಿದ್ದರೆ, ಆ ದಿನಗಳನ್ನು ಬಿಸಿಲಿನ ಲೆಕ್ಕಕ್ಕೆ ಸೇರಿಸಕೂಡದು. ಮೋಡವು ಒಡೆದ ಮೊದಲನೆಯ ದಿನವೇ ಅನೇಕ ಸಸಿಗಳು ಸುಡತಕ್ಕದ್ದು. ರಾತ್ರಿಯಲ್ಲಿ ಒಳಕ್ಕೆ ತರುವ ಅಗತ್ಯವು ನಮ್ಮ ಸೀಮೆಯಲ್ಲಿ ಸ್ವಲ್ಪವೂ ಇಲ್ಲ. ರಾತ್ರಿಯ ತಂಪೂ ಇಬ್ಬನಿಯೂ ಪೈನಿಗೆ ಬೇಕಾದ ವಸ್ತುಗಳೇ. ಅಳಿಲು, ಕೋಳಿ, ಬಸವನಹುಳು ಇವುಗಳಿಗಾಗಿ ಒಂದು ತಂತಿಬಲೆಯ ಬುಟ್ಟಿಯನ್ನು ಕವುಚಿದರೆ ಸಾಕು.

ಈ ಒಂದು ತಿಂಗಳಿನಲ್ಲಿ ಬೇರೆ ಏನನ್ನೂ ಮಾಡಕೂಡದೆಂಬುದೇ ಬಹಳ ಕಷ್ಟವಾದ ನಿಯಮ. ಸೊರಗಿದ ಸಸಿಯನ್ನು ಕಂಡರೆ ನಮ್ಮ ಕೈಗಳು ಸುಮ್ಮನಿರುವುದಿಲ್ಲ. ಒಬ್ಬರು ಗೊಬ್ಬರ ಹಾಕುವರು, ಇನ್ನೊಬ್ಬರು ಕುಂಡವನ್ನು ಬದಲಾಯಿಸುವರು, ಮತ್ತೊಬ್ಬರು ಬುಡವನ್ನು ಕೆದಕುವರು. ದುರ್ಬಲವಾದ ಬೇರಿಗೆ ಗೊಬ್ಬರವು ಉಪ್ಪಿನಂತೆ ಸುಡುವುದು. ಕುಂಡ ಬದಲಾಯಿಸಿದರೆ ಇದ್ದ ಎಳೆಬೇರುಗಳೂ ಹರಿಯುವುವು. ಹಳದಿಯಾದ ಹಳೆಯ ಎಲೆಗಳು ಮತ್ತೆ ಹಸುರಾಗಲೆಂದು ಕಾಯುವುದೂ ವ್ಯರ್ಥವೇ. ಅವು ಉದುರತಕ್ಕವು, ಉದುರಲಿ. ನೋಡಬೇಕಾದದ್ದು ಕುಡಿಯನ್ನು. ಕುಡಿಯಲ್ಲಿ ಬರುವ ಹೊಸ ಎಲೆಗಳು ಮುಂಚಿನವುಗಳಿಗಿಂತ ಗಿಡ್ಡವಾಗಿ, ಬೆರಳಿಗೆ ಒರಟಾಗಿ, ಸ್ವಲ್ಪ ಬೂದುನೀಲಿಯ ಛಾಯೆಯಿಂದ ಕೂಡಿದ್ದರೆ ಸಸಿಯು ಬಯಲನ್ನು ಒಪ್ಪಿಕೊಂಡಿತೆಂದು ತಿಳಿಯಬಹುದು. ಎಳೆಯ ಚೀರ್ ಸಸಿಯಲ್ಲಿ ಎಲೆಗಳು ಒಂಟಿ ಒಂಟಿಯಾಗಿಯೇ ಇರುವುವು. ದೊಡ್ಡ ಮರದಲ್ಲಿ ಕಾಣುವ, ಒಂದೊಂದು ಕಟ್ಟಿನಲ್ಲಿ ಮೂರು ಮೂರು ಉದ್ದವಾದ ಸೂಜಿಗಳು ಮುಂದೆ ಬರತಕ್ಕವು. ಇದನ್ನರಿಯದೆ ಕೆಲವರು ತಮ್ಮ ಸಸಿಯು ಪೈನೇ ಅಲ್ಲವೆಂದು ಕಿತ್ತೆಸೆದದ್ದೂ ಉಂಟು.

ಹೆಸರಿನ ಗೊಂದಲವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಲಾಲ್‌ಬಾಗಿನಲ್ಲಿ ಗೋಪುರದಂತೆ ನಿಂತು, ಕ್ರಿಸ್ಮಸ್ ಮರವೆಂದು ಜನರು ಕರೆಯುವುದು ಪೈನಲ್ಲ. ಅದು ಪೆಸಿಫಿಕ್ ಸಾಗರದ ದ್ವೀಪಗಳಿಂದ ಬಂದ ಅರಕೇರಿಯ ಎಂಬ ಬೇರೆ ಕುಲದ್ದು. ಅಂಗಡಿಗಳಲ್ಲಿ ಕುಂಡದಲ್ಲಿಟ್ಟು ಮಾರುವುದೂ ಸಾಮಾನ್ಯವಾಗಿ ಆ ಕುಲದ್ದೇ. ಅದರ ಎಳೆಯ ಗಿಡವು ಕೋಣೆಯ ಮಂದಬೆಳಕನ್ನು ಹಲವು ವರ್ಷ ಸಹಿಸುವುದು. ಅದನ್ನು ನೋಡಿ ನಿಜವಾದ ಪೈನನ್ನೂ ಒಳಗೆ ಸಾಕಬಹುದೆಂದು ಎಣಿಸಿದವರೇ ಹೆಚ್ಚಾಗಿ ಮೋಸಹೋಗುವುದು.

ಸಸಿಯು ಚೇತರಿಸಿಕೊಂಡ ಮೇಲೆ ಆಳವಾದ ಪಾತ್ರೆಗೆ ಬದಲಾಯಿಸತಕ್ಕದ್ದು. ಪೈನಿನ ತಾಯಿಬೇರು ಮೊದಲಿನಿಂದಲೇ ಕೆಳಕ್ಕೆ ಹೋಗುವ ಸ್ವಭಾವದ್ದು. ಗಿಡ್ಡ ಕುಂಡದಲ್ಲಿ ಅದು ತಳಕ್ಕೆ ತಾಕಿ ಸುರುಳಿ ಸುತ್ತಿಕೊಂಡರೆ, ಮುಂದೆ ಮರವಾದಾಗಲೂ ಆ ಸುರುಳಿಯು ಬಿಚ್ಚದೆ ಗಾಳಿಗೆ ಉರುಳುವ ಭಯವುಂಟು. ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಇವುಗಳ ಮಿಶ್ರಣವು ಒಪ್ಪುವುದು. ಹಸಿ ಸಗಣಿಯಾಗಲಿ ಸುಣ್ಣವಾಗಲಿ ಸೇರಕೂಡದು. ಬೆಂಗಳೂರಿನ ಅನೇಕ ಕೊಳವೆಬಾವಿಗಳ ನೀರು ಗಡುಸಾಗಿ, ಕಾಲಕ್ರಮದಲ್ಲಿ ಮಣ್ಣನ್ನು ಕ್ಷಾರವಾಗಿಸುವುದು. ಹುಳಿಮಣ್ಣನ್ನು ಬಯಸುವ ಪೈನು ಅಂತಹ ಮಣ್ಣಿನಲ್ಲಿ ಕಬ್ಬಿಣದ ಅಂಶವನ್ನು ಹೀರಲಾರದೆ ಕುಡಿಯಿಂದಲೇ ಹಳದಿಗೆ ತಿರುಗುವುದು. ಸೂರಿನ ನೀರನ್ನು ಹಿಡಿದಿಟ್ಟು ಎರೆಯುವುದು ಇದಕ್ಕೆ ಸುಲಭವಾದ ಉಪಾಯ.

ಮಣ್ಣಿನ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಪೈನಿನ ಬೇರಿನ ತುದಿಗಳನ್ನು ಒಂದು ಬಗೆಯ ಶಿಲೀಂಧ್ರವು ಹೊದಿಕೆಯಂತೆ ಸುತ್ತಿಕೊಂಡು, ದೂರದ ನೀರನ್ನೂ ರಂಜಕವನ್ನೂ ತಂದುಕೊಟ್ಟು, ಪ್ರತಿಯಾಗಿ ಸಕ್ಕರೆಯನ್ನು ಪಡೆಯುವುದು. 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ವಿದ್ವಾಂಸನು ಇದಕ್ಕೆ ಮೈಕೋರೈಜಾ ಎಂದು ಹೆಸರಿಟ್ಟನು. ಪೈನಿಲ್ಲದ ದೇಶಗಳ ಮಣ್ಣಿನಲ್ಲಿ ಈ ಶಿಲೀಂಧ್ರಗಳಿರುವುದಿಲ್ಲ. ಪೋರ್ಟೊರಿಕೊ ದ್ವೀಪದಲ್ಲಿ ಪೈನ್ ಬೆಳೆಸುವ ಪ್ರಯತ್ನಗಳು ಬಹುಕಾಲ ವಿಫಲವಾಗಿ, 1950ರ ದಶಕದಲ್ಲಿ ಅಮೆರಿಕದ ಪೈನ್ ಕಾಡಿನ ಮಣ್ಣನ್ನು ತಂದು ಬೆರೆಸಿದ ಮೇಲೆಯೇ ಸಸಿಗಳು ಹಸುರಾದುವು. ನಮ್ಮಲ್ಲಿಯೂ ಯಾರದಾದರೂ ತೋಟದಲ್ಲಿ ಬೆಳೆದ ಪೈನ್ ಇದ್ದರೆ, ಒಡೆಯರನ್ನು ಕೇಳಿ ಅದರ ಬುಡದಿಂದ ಒಂದು ಹಿಡಿ ಮಣ್ಣನ್ನು ತಂದು ಕುಂಡಕ್ಕೆ ಬೆರೆಸತಕ್ಕದ್ದು. ಹೀಗೆಂದ ಮಾತ್ರಕ್ಕೆ ನಮ್ಮ ಗುಡ್ಡಗಳಲ್ಲಿ ಪೈನ್ ತೋಪುಗಳನ್ನು ಎಬ್ಬಿಸಬೇಕೆಂದು ನಾನು ಹೇಳುವವನಲ್ಲ. ಅದರ ಉದುರೆಲೆಯು ಬೇಸಗೆಯಲ್ಲಿ ಹೇಗೆ ಉರಿಯುವುದೆಂಬುದನ್ನು ಕುಮಾವೂನಿನ ಜನರು ಚೆನ್ನಾಗಿ ಬಲ್ಲರು. ಮನೆಯ ಅಂಗಳಕ್ಕೆ ಒಂದು ಮರ, ಅಷ್ಟೇ.

ಈಗ ರೈತ ಬಂಧುಗಳಿಗೆ ಹೇಳುತ್ತೇನೆಂದ ಮಾತಿಗೆ ಬರುವೆನು. ಕಿಟಕಿಯ ಸಸಿಗೆ ಆದದ್ದೇ ನಮ್ಮ ದೊಡ್ಡ ಸಸ್ಯಕ್ಷೇತ್ರಗಳಲ್ಲಿ ಸಾವಿರಗಟ್ಟಲೆಯಾಗಿ ಆಗುತ್ತಿರುವುದೆಂಬುದು ನನ್ನ ಅಭಿಪ್ರಾಯ. ಹಸುರು ನೆರಳುಬಲೆಯ ಅಡಿಯಲ್ಲಿ, ದಿನಕ್ಕೆರಡು ಬಾರಿ ನೀರು ಕುಡಿದು, ಒಂದಕ್ಕೊಂದು ಒತ್ತಿಕೊಂಡು ಉದ್ದವಾಗಿ ಎದ್ದ ಸಿಲ್ವರ್ ಓಕ್, ಹೆಬ್ಬೇವು, ಶ್ರೀಗಂಧದ ಸಸಿಗಳು ಮಳೆಗಾಲದ ಒಂದು ಬೆಳಿಗ್ಗೆ ಗಾಡಿಯನ್ನೇರಿ, ಸಂಜೆಗೆ ಬಯಲ ಹೊಲದ ಗುಣಿಯಲ್ಲಿ ನಿಲ್ಲುವುವು. ಎತ್ತರವಾದ ಸಸಿಯೇ ಒಳ್ಳೆಯ ಸಸಿಯೆಂದು ರೈತನೂ ಅದನ್ನೇ ಆರಿಸಿಕೊಳ್ಳುವನು. ಹಾಸನದ ಕಡೆಯ ರೈತರೊಬ್ಬರು ಹೀಗೆ ಒಂದು ಸಸ್ಯಕ್ಷೇತ್ರದಿಂದ ತಂದು ನೆಟ್ಟ ಸಿಲ್ವರ್ ಓಕ್ ಸಸಿಗಳಲ್ಲಿ ಹೆಚ್ಚಿನ ಪಾಲು, ಜುಲೈ ತಿಂಗಳಿನಲ್ಲಿ ಹತ್ತು ದಿನ ಮಳೆ ಬಿಟ್ಟು ಬಿಸಿಲು ಕಾಯ್ದಾಗ ಒಣಗಿದುದನ್ನು ನನಗೆ ಕರೆದು ತೋರಿಸಿದರು. "ಮಣ್ಣು ಸರಿಯಿಲ್ಲವೇನೋ ಸ್ವಾಮಿ" ಎಂಬುದು ಅವರ ಊಹೆ. ಮಣ್ಣು ಬಹಳ ಚೆನ್ನಾಗಿದ್ದಿತು. ಸಸಿಗಳ ಬಿಸಿಲಿನ ಕಡೆಯ ಎಲೆಗಳ ಮೇಲೆ, ನನ್ನ ಮಾಳಿಗೆಯ ಸಸಿಯ ಮೇಲೆ ಕಂಡಂತಹುದೇ ಬಿಳಿಚು ಇದ್ದಿತು. ಗುಣಿ ತೆಗೆದ ಕೂಲಿಯೂ, ಸಾಗಣೆಯ ಬಾಡಿಗೆಯೂ, ಒಂದು ವರ್ಷದ ಮಳೆಗಾಲವೂ ಹೋದುವು. ಅವರ ನಷ್ಟವನ್ನು ಯಾರೂ ಯಾವ ಪುಸ್ತಕದಲ್ಲಿಯೂ ಬರೆದುಕೊಳ್ಳಲಿಲ್ಲ. ಸಸ್ಯಕ್ಷೇತ್ರದ ಪುಸ್ತಕದಲ್ಲಿ ಮಾತ್ರ ಅಷ್ಟು ಸಸಿಗಳ ವಿತರಣೆಯು ಪೂರ್ಣವಾಗಿ ನಮೂದಾಗಿರುವುದು.

ಈ ಜ್ಞಾನವು ನಮ್ಮವರಿಗೆ ಹೊಸದೇನೂ ಅಲ್ಲ. ಕಾಫಿಯ ತೋಟದವರು ಸಸಿಮಡಿಯ ಮೇಲಿನ ಚಪ್ಪರವನ್ನು ನಾಟಿಗೆ ಮುಂಚಿತವಾಗಿ ಸ್ವಲ್ಪಸ್ವಲ್ಪವಾಗಿ ತೆಳುಮಾಡುತ್ತ ಬರುವರು. ಹೊಗೆಸೊಪ್ಪಿನವರು ಕೀಳುವುದಕ್ಕೆ ಕೆಲವು ದಿನಗಳ ಮುಂಚೆ ಒಟ್ಟಲಿನ ನೀರನ್ನು ಕಡಿಮೆಮಾಡಿ ಸಸಿಯನ್ನು ಗಡುಸುಮಾಡುವರು. ಮಲೆನಾಡಿನ ಅಡಿಕೆಯವನು ಪಡುವಣ ಬಿಸಿಲಿಗೆ ಎಳೆಯ ಮರದ ಕಾಂಡವು ಸೀಳುವುದೆಂದು ಅದಕ್ಕೆ ಸೋಗೆ ಕಟ್ಟುವನು. ಇಷ್ಟೆಲ್ಲ ಬಲ್ಲ ನಾಡಿನಲ್ಲಿ ಅರಣ್ಯದ ಸಸಿಗೆ ಮಾತ್ರ ಈ ಉಪಚಾರವು ತಪ್ಪಿಹೋದದ್ದು, ಎಣಿಕೆಯ ಆತುರದಿಂದಲೇ ಎಂದು ನನಗೆ ತೋರುವುದು.

ನಾನು ಸೂಚಿಸುವುದು ಖರ್ಚಿನ ಕೆಲಸವಲ್ಲ. ವಿತರಣೆಗೆ ಕಡೆಯ ಪಕ್ಷ ಮೂರು ವಾರಗಳ ಮುಂಚೆ ನೆರಳುಬಲೆಯನ್ನು ಮೊದಲು ಬೆಳಗಿನ ಹೊತ್ತಿನಲ್ಲಿಯೂ, ಆಮೇಲೆ ಪೂರ್ಣವಾಗಿಯೂ ಸರಿಸತಕ್ಕದ್ದು. ಪ್ರತಿಯೊಂದು ಮಡಿಯ ತಲೆಯಲ್ಲಿ, ಆ ಮಡಿಯ ಸಸಿಗಳನ್ನು ಬಿಸಿಲಿಗೆ ತೆರೆದ ತಾರೀಖನ್ನು ಒಂದು ಹಲಗೆಯ ಮೇಲೆ ಬರೆದು ನಿಲ್ಲಿಸತಕ್ಕದ್ದು. ಹೀಗೆ ಮಾಡಿದರೆ ಸಸಿಗಳು ಎರಡು ಅಂಗುಲ ಗಿಡ್ಡವಾಗಿ ಕಾಣುವುವು, ಕೆಲವು ಎಲೆಗಳು ಕೆಂಪಗೂ ಆಗುವುವು, ನೋಡಲು ಬಂದ ದೊಡ್ಡವರಿಗೆ ಮಡಿಯು ಅಷ್ಟು ಸೊಗಸಾಗಿ ತೋರದು. ಅದಕ್ಕೆ ಸಸ್ಯಕ್ಷೇತ್ರದ ನೌಕರರನ್ನು ಆಕ್ಷೇಪಿಸಕೂಡದು. ಲೆಕ್ಕವನ್ನು ಜುಲೈಯಲ್ಲಿ ಕೊಟ್ಟ ಸಸಿಗಳ ಮೇಲೆ ಹಾಕುವುದಕ್ಕೆ ಬದಲಾಗಿ, ಮುಂದಿನ ಜುಲೈಯಲ್ಲಿ ಬದುಕಿರುವ ಸಸಿಗಳ ಮೇಲೆ ಹಾಕಿದರೆ, ಉಳಿದ ಸುಧಾರಣೆಗಳು ತಾವಾಗಿಯೇ ಬರುವುವೆಂದು ನಂಬಿರುವೆನು. ಅಲ್ಲಿಯವರೆಗೆ, ಸಸಿ ತರಲು ಹೋದ ರೈತರು "ಇವು ಬಿಸಿಲು ಕಂಡು ಎಷ್ಟು ದಿನವಾಯಿತು?" ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳತಕ್ಕದ್ದು. ಉತ್ತರವು ಸಿಕ್ಕದಿದ್ದರೆ, ಸಸಿಗಳನ್ನು ತಂದು ತಮ್ಮ ಮನೆಯ ಹುಣಿಸೆಯ ಮರದಡಿಯಲ್ಲಿಯೇ ಎರಡು ಮೂರು ವಾರ ಇಟ್ಟು, ದಿನೇ ದಿನೇ ಹೊರಕ್ಕೆ ಸರಿಸಿ, ಅನಂತರ ನೆಡುವುದು ಕ್ಷೇಮ. ನಾಟಿಯು ಮೂರು ವಾರ ತಡವಾಯಿತೆಂಬ ಚಿಂತೆ ಬೇಡ. ಸತ್ತ ಸಸಿಯನ್ನು ಮರುನಾಟಿ ಮಾಡುವುದಕ್ಕೆ ಒಂದು ವರ್ಷ ಹಿಡಿಯುವುದು.

ಮಿತ್ರರ ಸಸಿಯ ಗತಿಯನ್ನು ತಿಳಿಯಬಯಸುವ ವಾಚಕರಿಗಾಗಿ ಎರಡು ಮಾತು. ಜೂನಿನ ಎರಡನೆಯ ವಾರದಲ್ಲಿ ಅದನ್ನು ಹಿತ್ತಲಿನ ಬಾವಿಕಟ್ಟೆಯ ಮಗ್ಗುಲಿಗೆ ತಂದರು. ದಿನವೂ ಅದನ್ನು ಬಿಸಿಲಿಗೂ ನೆರಳಿಗೂ ಎತ್ತಿಡುವ ಕೆಲಸವನ್ನು ವಹಿಸಿಕೊಂಡವರು, ಹೊರಗಿಡಬೇಡವೆಂದು ತಡೆದ ಆ ತಾಯಿಯವರೇ. ಜುಲೈಯಲ್ಲಿ ಕುಡಿಯು ಒಣಗಿದುದರಿಂದ ಎಲ್ಲರೂ ಆಸೆಯನ್ನು ಬಿಟ್ಟರು. ಆದರೆ ಚೀರ್ ಪೈನಿನ ಎಳೆಯ ಸಸಿಗೆ, ಇತರ ಅನೇಕ ಪೈನುಗಳಿಗಿಲ್ಲದ, ಬುಡದಿಂದ ಮರಳಿ ಚಿಗುರುವ ಗುಣವುಂಟು. ಕಾಡುಕಿಚ್ಚಿನ ನಾಡಿನಲ್ಲಿ ಅದು ಉಳಿದು ಬಂದದ್ದು ಇದರಿಂದಲೂ ಹೌದು. ಸೆಪ್ಟೆಂಬರಿನಲ್ಲಿ ಮಣ್ಣಿನಿಂದ ಅರ್ಧ ಅಂಗುಲದ ಮೇಲೆ ಎರಡು ಚಿಗುರುಗಳು ಕಾಣಿಸಿದುವು. ಹೋದ ವಾರ ನಾನು ನೋಡಿದಾಗ ದೊಡ್ಡ ಚಿಗುರು ಮೂರು ಅಂಗುಲವಿದ್ದಿತು, ಕಡ್ಡಿಯ ಆಸರೆಯಿಲ್ಲದೆ ನಿಂತಿದ್ದಿತು. ಚಿಕ್ಕದನ್ನು ಕತ್ತರಿಸಬೇಕೆಂದು ನಾನು ಹೇಳಿದೆನು. ತಾಯಿಯವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ.